ಬೋರಿಂಗಿಗೆ ಕಟ್ಟಿದ ತಂತಿ

ಅಣ್ಣನ ಹೆಂಡತಿಯನ್ನು, ನಮ್ಮ ವೈನಿಯನ್ನು, ಮನೆ ಬಿಡಿಸಿದವಳು ನಮ್ಮವ್ವ ಎಂದು ಶಹಾಪುರದ ನಮ್ಮ ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ಅವ್ವನ ಬಾಯಿ ಜೋರಿತ್ತು, ಅದಕ್ಕೇ ಎಲ್ಲರೂ ನಂಬುತ್ತಾರೆ. ಆ ಮಾತು ಬಂದಾಗಲೆಲ್ಲ ನಾನು ಏನೋ ನೆಪ ತೆಗೆದು ಎದ್ದು ಹೋಗುತ್ತೇನೆ. ಬಿಡಿಸಿದವನು ನಾನು. ಒಂದು ತಂತಿ, ಒಂದು ಸುಳ್ಳು, ಅಷ್ಟೇ ಸಾಕಾಯಿತು. ಬರೆದರೆ ಎದೆ ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನನಗೆ ಆಗುತ್ತಿಲ್ಲ.

ಮನೆಯಲ್ಲಿ ನಾಲ್ಕೇ ಜನ ಇದ್ದೆವು. ಅವ್ವ, ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದ ಅಣ್ಣ, ಗುರುಮಠಕಲ್‌ನಿಂದ ಮದುವೆಯಾಗಿ ಬಂದ ವೈನಿ, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು. ಊರಂಚಿನ ಮನೆ. ಹಿತ್ತಲ ಗೋಡೆಯಾಚೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಅಣ್ಣ ಹೈದರಾಬಾದಿನಿಂದ ಒಂದು ಹಳೆಯ ಕಂಪ್ಯೂಟರ್ ತಂದು ನಡುಮನೆಯಲ್ಲಿ ಇಟ್ಟಿದ್ದ. ವೈನಿಗೆ ಮೊದಲಿಂದಲೂ ಟೈಪಿಂಗ್ ಬರುತ್ತಿತ್ತು. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಆಕೆಯೇ ಟೈಪ್ ಮಾಡುತ್ತಿದ್ದಳು. ನೋಡದೆ ಕೀಲಿ ಒತ್ತುವುದನ್ನು ನನಗೆ ಕಲಿಸಿದ್ದೂ ಆಕೆಯೇ.

ಆ ಕಂಪ್ಯೂಟರಿಗೆ ಇಲ್ಲದ ರೋಗವಿರಲಿಲ್ಲ. ಒಂದೊಂದು ದಿನ ಕೀಂ ಕೀಂ ಕೀಂ ಎಂದು ಮೂರು ಸಲ ಕೂಗಿ ಪರದೆ ಕಪ್ಪಗೆ ಕೂತುಬಿಡುತ್ತಿತ್ತು. ಆಗ ಡಬ್ಬಿ ಬಿಚ್ಚಿ, ಒಳಗಿನ ರ‍್ಯಾಮ್ ಕಿತ್ತು, ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಒತ್ತಬೇಕು. ಎದ್ದು ಕೂಡುತ್ತಿತ್ತು. ಕರೆಂಟು ಹೋಗಿ ಬಂದರೆ ಅದರ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಡಬ್ಬಿಯ ಒಂದು ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನನ್ನು ಅದರ ಕಡೆಗೇ ತಿರುಗಿಸಿ ಇಡುತ್ತಿದ್ದೆವು. ನಾವು ಬೆವರುತ್ತ ಕೂಡುತ್ತಿದ್ದೆವು, ಗಾಳಿ ಅದಕ್ಕೆ. ಫ್ಯೂಸ್ ಪದೇ ಪದೇ ಹೋಗುತ್ತದೆಂದು ನಾನು ಅದಕ್ಕೆ ದಪ್ಪನೆಯ ತಾಮ್ರದ ತಂತಿ ಸುತ್ತಿದ್ದೆ. ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ವೈನಿ ನಗುತ್ತ, "ಇಂಜಿನಿಯರ್ ಸಾಹೇಬ್ರು ಬಂದ್ರು, ದಾರಿ ಬಿಡ್ರಿ" ಅನ್ನುತ್ತಿದ್ದಳು. ನಾನು ಉಬ್ಬಿಹೋಗುತ್ತಿದ್ದೆ. ಮೂರು ಸಲ ರಬ್ಬರ್ ತಿಕ್ಕಿದ್ದಕ್ಕೇ ನನಗೆ ಎಲ್ಲ ಬರುತ್ತದೆ ಎಂಬ ಸೊಕ್ಕು ಬಂದಿತ್ತು.

ಒಂದು ರೋಗ ಮಾತ್ರ ನನ್ನ ಕೈಗೆ ಸಿಗಲಿಲ್ಲ. ಬರಿಗಾಲಲ್ಲಿ ನೆಲದ ಪರಸಿಕಲ್ಲಿನ ಮೇಲೆ ನಿಂತು ಡಬ್ಬಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಇರುವೆ ಕಚ್ಚಿದಷ್ಟು. ಕಾಲುವೆಗೆ ನೀರು ಬಿಟ್ಟಿದ್ದಾಗ ಇದು ಇರುತ್ತಿರಲಿಲ್ಲ. ಆಗ ಹಿತ್ತಲ ನೆಲವೆಲ್ಲ ತೇವವಾಗಿ, ಅಲ್ಲಿ ಹೂತಿದ್ದ ಅರ್ಥಿಂಗ್ ಸರಳು ಕರೆಂಟನ್ನು ಸರಿಯಾಗಿ ನೆಲಕ್ಕೆ ಇಳಿಸುತ್ತಿತ್ತು. ಕಾಲುವೆ ನಿಂತು ಹದಿನೈದು ದಿನವಾದರೆ ಕರಿಮಣ್ಣು ಬಿರುಕುಬಿಟ್ಟು, ಸರಳಿನ ಸುತ್ತ ಕೈ ತೂರುವಷ್ಟು ಸಂದಿಯಾಗುತ್ತಿತ್ತು. ಅಲ್ಲಿಂದ ಜುಮ್ಮು ಶುರು. ಪಕ್ಕದ ಗದ್ದೆಯವನು ಗೋಡೆಯ ಮೇಲಿಂದ, "ಕಾಲುವಿಗೆ ನೀರ ಬಂತೇನು, ಜರಾ ನಿಮ್ಮ ಕಂಪ್ಯೂಟರ ಮುಟ್ಟಿ ಹೇಳಪಾ" ಎಂದು ಚಾಷ್ಟಿ ಮಾಡುತ್ತಿದ್ದ.

ಇದಕ್ಕೆ ನಾನು ಒಂದು ಕಾನೂನು ಮಾಡಿದೆ. ಕಂಪ್ಯೂಟರಿಗೆ ಕೂಡುವವರು ರಬ್ಬರ್ ಚಪ್ಪಲಿ ಹಾಕಿಕೊಂಡೇ ಕೂಡಬೇಕು. ಅದಕ್ಕೆಂದೇ ಒಂದು ಜೊತೆ ಮೇಜಿನ ಕೆಳಗೆ ಇಟ್ಟೆ. ವೈನಿಗೆ ಅಡ್ಡಿಯಿರಲಿಲ್ಲ. ಅವ್ವ ಮಾತ್ರ ಸಿಡಿದಳು. ನಡುಮನೆಯ ಎದುರಿಗೇ ದೇವರ ಜಗಲಿ. "ದೇವರ ಎದುರಿಗೆ ಚಪ್ಪಲಿ ಹಾಕ್ಕೊಂಡು ಕುಂದರ್ತೀರಿ, ನಾಚಿಕಿ ಬರಂಗಿಲ್ಲೇನು ನಿಮಗ? ಒಯ್ದು ತಿಪ್ಪಿಗೆ ಒಗಿರಿ ಅದನ್ನ!" ದಿನಾ ಇದೇ ಆಯಿತು. ಬೈಗುಳ ನನಗಲ್ಲ, ಹೆಚ್ಚು ಹೊತ್ತು ಅಲ್ಲಿ ಕೂಡುತ್ತಿದ್ದ ವೈನಿಗೆ ಬೀಳುತ್ತಿತ್ತು.

ಅಂಗಳದಲ್ಲಿ ಒಂದು ಕೈಪಂಪು ಇತ್ತು. ಬೋರಿಂಗ್ ಅನ್ನುತ್ತಿದ್ದೆವು. ಅದರ ಕಟ್ಟೆಯ ಮೇಲೆ ಚಪ್ಪಲಿ ಮೆಟ್ಟಿ ಹತ್ತುವಂತಿರಲಿಲ್ಲ. ಅಲ್ಲಿ ಗಂಗವ್ವ ಇದ್ದಾಳೆ. ಸೋಮವಾರ ಅರಿಶಿನ ಕುಂಕುಮ ಹಚ್ಚಿ ಕೈಮುಗಿದೇ ಮೊದಲ ಕೊಡ ತುಂಬಬೇಕು. ಹೀಗೆ ನಮ್ಮ ಮನೆಯಲ್ಲಿ ಒಳಗೆ ಚಪ್ಪಲಿ, ಹೊರಗೆ ಬರಿಗಾಲು ಎಂದಾಯಿತು. ಒಂದು ದಿನ ವೈನಿ ಪ್ರಶ್ನೆಪತ್ರಿಕೆ ಮುಗಿಸಿ ಎದ್ದವಳು, ಕಾಲಲ್ಲಿ ಚಪ್ಪಲಿ ಇರುವುದನ್ನೇ ಮರೆತು ಕೊಡ ಹಿಡಿದು ಕಟ್ಟೆ ಹತ್ತಿಬಿಟ್ಟಳು. ಅವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳು. "ಗಂಗವ್ವನ ತೆಲಿ ಮ್ಯಾಲ ಚಪ್ಪಲಿ ಇಟ್ಟಾಳ್ರೆವ್ವಾ! ಹೊಟ್ಟ್ಯಾಗ ಕೂಸು ಇಟ್ಕೊಂಡು ಇಂಥಾ ಕೆಲಸ!" ವೈನಿಗೆ ಆಗ ಮೂರು ತಿಂಗಳು. ಅಳುತ್ತ ಕಟ್ಟೆ ತೊಳೆದು ಅರಿಶಿನ ಹಚ್ಚಿದಳು. ಆಮೇಲೆ ಎಂದೂ ಮರೆಯಲಿಲ್ಲ.

ನನಗೆ ಕೆಟ್ಟೆನಿಸಿತು. ನಿಜವಾಗಿಯೂ ಕೆಟ್ಟೆನಿಸಿತು, ಇದನ್ನು ಯಾರೂ ನಂಬುವುದಿಲ್ಲ. ಒಳಗೆ ಚಪ್ಪಲಿಯೇ ಬೇಡವೆಂದಾದರೆ ಅವ್ವನ ಬಾಯಿ ಮುಚ್ಚುತ್ತದೆ, ವೈನಿ ನೆಮ್ಮದಿಯಿಂದ ಕೂಡುತ್ತಾಳೆ ಎಂದು ಯಾದಗಿರಿಗೆ ಹೋಗಿ, ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನನ್ನು ಕೇಳಿದೆ. "ನಿಮ್ಮ ಅರ್ಥಿಂಗ್ ಸತ್ತದ. ಆಳಕ್ಕ ಒಂದು ಕಬ್ಬಿಣದ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಹೊಸಾದು ಮಾಡ್ಕೋರಿ" ಎಂದ. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನ ತಲೆ ಓಡಿತು. ಅಂಗಳದಲ್ಲೇ ಅಷ್ಟು ಆಳಕ್ಕೆ ಇಳಿದ ಕಬ್ಬಿಣದ ಪೈಪ್ ಇದೆಯಲ್ಲ, ಇನ್ನೊಂದು ಯಾಕೆ? ಎಂಥ ಬುದ್ಧಿ! ಅಣ್ಣ ಶಾಲೆಗೆ ಹೋಗಿದ್ದ. ಅವ್ವ ವೈನಿಯನ್ನು ಕರೆದುಕೊಂಡು ಹತ್ತಿಕುಣಿಯ ನಂಟರ ಮನೆಗೆ ಹೋಗಿದ್ದಳು. ಆ ಹೊತ್ತಿನಲ್ಲಿ ಕಂಪ್ಯೂಟರಿನ ಅರ್ಥ್ ತಂತಿಯನ್ನು ಹಳೆಯ ಸರಳಿನಿಂದ ಬಿಡಿಸಿ, ಕಿಟಕಿಯಿಂದ ಹೊರಗೆ ಎಳೆದು, ಗೋಡೆಯ ಪಕ್ಕ ಗೇಣಗಲ ಅಗೆದು ಮಣ್ಣಲ್ಲಿ ಮುಚ್ಚಿ, ಬೋರಿಂಗ್ ಬುಡಕ್ಕೆ ಕಲ್ಲಿನ ಸಂದಿಯಲ್ಲಿ ಬಿಗಿದು ಕಟ್ಟಿದೆ. ಬರಿಗಾಲಲ್ಲಿ ನಿಂತು ಡಬ್ಬಿ ಮುಟ್ಟಿದೆ. ಏನೂ ಇಲ್ಲ, ತಣ್ಣಗಿತ್ತು. ಸಂಜೆ ಅವ್ವನಿಗೆ, "ಇನ್ನ ಚಪ್ಪಲಿ ಬ್ಯಾಡ, ಎಲ್ಲಾ ಸರಿ ಮಾಡೀನಿ" ಎಂದೆ. ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ವೈನಿ, "ಇಂಜಿನಿಯರ್ ಸಾಹೇಬ್ರ ಕೈ ಅಂದ್ರ ಕೈ" ಎಂದಳು.

ತಿಂಗಳೊಪ್ಪತ್ತು ಕಳೆಯಿತು. ಕಾಲುವೆ ನಿಂತಿತ್ತು, ಬಿಸಿಲು ಏರಿತ್ತು. ಒಂದು ದಿನ ಬೆಳಿಗ್ಗೆ, ಹೋಗಿದ್ದ ಕರೆಂಟು ಬಂದದ್ದನ್ನು ನೋಡಿ ನಾನು ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಸ್ವಿಚ್ ಒತ್ತಿದೆ. ಪರದೆ ಬೆಳಗಿತು. ಅದೇ ಹೊತ್ತಿಗೆ ಅಂಗಳದಲ್ಲಿ ಒಂದು ಚೀರು, ಕೊಡ ಉರುಳಿದ ಸದ್ದು. ಕೊಡ ಜಾರಿರಬೇಕು ಎಂದುಕೊಂಡೆ. ಕಂಪ್ಯೂಟರ್ ಏನೂ ಆಗದ ಹಾಗೆ ತನ್ನ ಪಾಡಿಗೆ ಶುರುವಾಗುತ್ತಿತ್ತು, ನಾನು ಅದನ್ನೇ ನೋಡುತ್ತ ಇನ್ನೂ ಒಂದಷ್ಟು ಹೊತ್ತು ಕೂತಿದ್ದೆ. ಅವ್ವ ಬೊಬ್ಬೆ ಹೊಡೆದಾಗಲೇ ಎದ್ದದ್ದು.

ವೈನಿ ಕಟ್ಟೆಯಿಂದ ಆಚೆ ಬಿದ್ದಿದ್ದಳು. ಸೊಂಟ ಕಲ್ಲಿನ ಅಂಚಿಗೆ ಬಡಿದಿತ್ತು. ಅಣ್ಣ ಓಡಿಬಂದು ಎತ್ತಿಕೊಂಡ. "ಕರೆಂಟ್… ಕರೆಂಟ್ ಹೊಡೀತ್ರಿ" ಅಂದಳು, ಅಷ್ಟೇ. ನಾನು ಒದ್ದೆ ಕಟ್ಟೆಯ ಹತ್ತಿರ ಒಂದು ಹೆಜ್ಜೆ ಇಟ್ಟೆ. ಅಂಗಾಲಿನಿಂದ ಮೊಣಕಾಲಿನವರೆಗೆ ಜುಮ್ಮೆಂದು ಏರಿತು. ಆ ಕ್ಷಣ ನನಗೆ ಎಲ್ಲ ತಿಳಿಯಿತು. ಒಳಗೆ ಓಡಿ ಸ್ವಿಚ್ ಆರಿಸಿದೆ. ವೈನಿಯನ್ನು ಜೀಪಿನಲ್ಲಿ ಹಾಕಿಕೊಂಡು ಅಣ್ಣ, ಅವ್ವ ಯಾದಗಿರಿಗೆ ಹೋದರು. ಮನೆ ಕಾಯಲು ಒಬ್ಬರು ಬೇಕೆಂದು ನಾನು ಉಳಿದೆ. ಯಾರೂ ಉಳಿ ಎಂದಿರಲಿಲ್ಲ.

ಡಬ್ಬಿಯ ಹಿಂದೆ ಕೈ ಹಾಕಿ ನೋಡಿದೆ. ಇಲಿ ವೈರನ್ನು ಕಡಿದು, ಒಳಗಿನ ತಾಮ್ರ ಬಿಚ್ಚಿಕೊಂಡು ತಗಡಿಗೆ ತಾಗಿತ್ತು. ತಗಡಿನಿಂದ ನನ್ನ ತಂತಿ, ತಂತಿಯಿಂದ ಬೋರಿಂಗ್. ಬೇಸಿಗೆಗೆ ಬೋರಿಂಗಿನ ನೀರೂ ಪಾತಾಳಕ್ಕೆ ಇಳಿದಿತ್ತು, ಒಣಗಿದ ನೆಲ ಅಷ್ಟು ಕರೆಂಟನ್ನು ನುಂಗಲಿಲ್ಲ. ಹಾರಬೇಕಾಗಿದ್ದ ಫ್ಯೂಸ್ ಹಾರಲಿಲ್ಲ, ಅದಕ್ಕೆ ದಪ್ಪ ತಂತಿ ಸುತ್ತಿದವನೂ ನಾನೇ. ಆಮೇಲೆ ಒಂದು ಗಳಿಗೆಯೂ ತಡ ಮಾಡಲಿಲ್ಲ. ಬೋರಿಂಗ್ ಬುಡದ ತಂತಿ ಬಿಚ್ಚಿ, ಗೋಡೆಯುದ್ದಕ್ಕೂ ಮಣ್ಣು ಕೆದರಿ ಎಳೆದು, ಸುರುಳಿ ಸುತ್ತಿ ಗದ್ದೆಯಾಚೆಯ ಜಾಲಿ ಕಂಟಿಯೊಳಗೆ ಎಸೆದೆ. ಮಣ್ಣು ತುಳಿದು ಸಮ ಮಾಡಿ ಮೇಲೆ ಕಸ ಹರಡಿದೆ. ರಿಪೇರಿ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಮಾಡಿರಲಿಲ್ಲ.

ಸಂಜೆ ಅಣ್ಣ, ಅವ್ವ ಬಂದರು. ವೈನಿಯ ಜೀವಕ್ಕೆ ಅಪಾಯವಿರಲಿಲ್ಲ, ಆಕೆಯ ತಾಯಿ ಗುರುಮಠಕಲ್‌ನಿಂದ ಬಂದು ಆಸ್ಪತ್ರೆಯಲ್ಲಿ ಜೊತೆಗಿದ್ದರು. ಕೂಸು ಉಳಿದಿರಲಿಲ್ಲ. ಅಣ್ಣ ಅಂಗಿಯನ್ನೂ ಬದಲಿಸದೆ ನೆಟ್ಟಗೆ ಬೋರಿಂಗ್ ಹತ್ತಿರ ಹೋಗಿ, ಬರಿಗಾಲಲ್ಲಿ ನಿಂತು, ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದ. ಏನೂ ಆಗಲಿಲ್ಲ. ನನ್ನ ಕಡೆ ತಿರುಗಿದ.

"ಇದಕ್ಕ ಏನರ ತಂತಿ ಕಟ್ಟಿದ್ದೇನು ನೀನು?"

"ಇಲ್ಲ" ಎಂದೆ.

"ಖರೇನ?"

"ನಾ ಯಾಕ ಕಟ್ಟಲಿ ಅಣ್ಣಾ?"

ಅವ್ವ ನಡುವೆ ಬಾಯಿ ಹಾಕಿದಳು. "ಬೋರಿಂಗಿನ್ಯಾಗ ಎಲ್ಲಿಂದ ಕರೆಂಟ್ ಬರ್ತದೋ? ಅವತ್ತ ಚಪ್ಪಲಿ ಹಾಕ್ಕೊಂಡು ಹತ್ತಿದಾಗೇ ಗಂಗವ್ವ ಮುನಿಸ್ಕೊಂಡಾಳ. ನಾ ಬಡ್ಕೊಂಡೆ, ಯಾರ ಕೇಳಿದ್ರಿ?" ಹೇಳುತ್ತಲೇ ಕಟ್ಟೆಯ ಮೇಲೆ ಕೂತು ಎದೆ ಬಡಿದುಕೊಂಡು ಅತ್ತಳು. ಅವಳ ದುಃಖ ಸುಳ್ಳಲ್ಲ. ಮೊಮ್ಮಗನಿಗೆಂದು ಹಳೆಯ ಸೀರೆ ಹರಿದು ಕೌದಿ ಹೊಲಿಯುತ್ತಿದ್ದಳು ಅವಳು. ಅಣ್ಣ ಬಹಳ ಹೊತ್ತು ಗೋಡೆಯ ಬುಡವನ್ನೇ ನೋಡುತ್ತ ನಿಂತಿದ್ದು, ಒಳಗೆ ಹೋದ.

ಎಂಟು ದಿನದ ಮೇಲೆ ವೈನಿ ಮನೆಗೆ ಬಂದಾಗಲೂ ಅದನ್ನೇ ಹೇಳಿದಳು. "ಅತ್ತಿ, ನಾ ಬರಿಗಾಲ್ಲೇ ಇದ್ದೆ. ನನಗ ಕರೆಂಟೇ ಹೊಡೆದದ್ದು." ಅವ್ವ, "ನನ್ನ ಮಗಾ ಎರಡೂ ಕೈಲೆ ಹಿಡಿದು ನೋಡ್ಯಾನ. ಅವಗ ಯಾಕ ಹೊಡೀಲಿಲ್ಲ?" ಎಂದಳು. ವೈನಿ ಅಣ್ಣನ ಮುಖ ನೋಡಿದಳು. ಅಣ್ಣ ನೆಲ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನೀವರ ಹೇಳ್ರಿ, ಹಂಗ ಕರೆಂಟ್ ಬರಬಹುದಲ್ಲ? ನಿಮಗ ಗೊತ್ತಿರ್ತದಲ್ಲ?" ಮನೆಯ ಇಂಜಿನಿಯರ್ ನಾನು. ನನ್ನ ಮಾತಿಗೆ ಬೆಲೆಯಿತ್ತು. "ಬರಂಗಿಲ್ರಿ ವೈನಿ" ಎಂದೆ. ಇವತ್ತಿಗೂ ಒಬ್ಬನೇ ಇದ್ದಾಗ ಆ ಮಾತು ನನ್ನ ಬಾಯಿಗೆ ತಾನೇ ಬರುತ್ತದೆ. ಥೂ ನನ್ನ ಬಾಯಿಗೆ.

ಗಂಗವ್ವ ಮುನಿದವಳ ಕೈಯಿಂದ ನೀರು ತರಿಸಬಾರದು ಎಂದು ಅವ್ವ ಹಟ ಹಿಡಿದಳು. ನೀರು ಮುಟ್ಟದ ಸೊಸೆ ಅಡಿಗೆ ಹೇಗೆ ಮಾಡಬೇಕು, ಬಟ್ಟೆ ಹೇಗೆ ಒಗೆಯಬೇಕು? ನಾಲ್ಕು ದಿನ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಕುಡಿಯುವ ನೀರನ್ನೂ ಕೇಳಿಯೇ ತೆಗೆದುಕೊಳ್ಳಬೇಕಿತ್ತು. ಆಮೇಲೆ ತವರಿನವರು ಬಂದು, ಬಾಣಂತನದಂತೆ ಆರೈಕೆ ಬೇಕು ಎಂದು ಕರೆದುಕೊಂಡು ಹೋದರು. ಕರೆತರಲು ನಮ್ಮ ಕಡೆಯಿಂದ ಯಾರೂ ಹೋಗಲಿಲ್ಲ. ಒಂದು ವರ್ಷ ಕಳೆಯಿತು, ಎರಡಾಯಿತು, ಆರಾಯಿತು. ಅಣ್ಣ ಮಾತ್ರ ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಗುರುಮಠಕಲ್‌ಗೆ ಹೋಗಿ, ಸೀರೆ ಕೊಟ್ಟು, ಪಡಸಾಲೆಯಲ್ಲಿ ಚಹಾ ಕುಡಿದು ಸಂಜೆಯ ಬಸ್ಸಿಗೆ ಬರುತ್ತಿದ್ದ. ಬೇರೆ ಮದುವೆಯ ಮಾತು ಎತ್ತಿದರೆ ಅವ್ವನ ಮೇಲೆ ಹರಿಹಾಯುತ್ತಿದ್ದ. ನನಗೆ ಅಷ್ಟರಲ್ಲಿ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸವೇ ಸಿಕ್ಕಿತ್ತು. ಮಂದಿಯ ಯಂತ್ರಗಳು ಕೆಟ್ಟರೆ ನನ್ನನ್ನೇ ಕರೆಯುತ್ತಿದ್ದರು.

ಏಳನೆಯ ವರ್ಷ ಅವ್ವ ತೀರಿಕೊಂಡಳು. ದಿನ ಕರ್ಮಗಳು ಮುಗಿದ ಮೇಲೆ ಅಣ್ಣ ಗುರುಮಠಕಲ್‌ಗೆ ಹೋಗಿ ಬಂದ. ಎಷ್ಟೋ ವರ್ಷದ ಮೇಲೆ ಅವನ ಮುಖದಲ್ಲಿ ಕಳೆ ಕಂಡೆ. "ಒಪ್ಪ್ಯಾಳ. ದೀಪಾವಳಿ ಮುಗಿಸ್ಕೊಂಡು ಬರ್ತೀನಿ ಅಂದಾಳ" ಎಂದ. ಅದೇ ಅಂಗಳಕ್ಕೆ ಆಕೆ ಬಂದರೆ ನಾನು ಹೇಗೆ ಮುಖ ತೋರಿಸಲಿ? ಅಲ್ಲೇ ಅಣ್ಣನಿಗೆ ಎಲ್ಲ ಹೇಳಿಬಿಟ್ಟೆ. ಅವನು ಹೊಡೆದರೆ ಹೊಡೆಯಲಿ ಎಂದು ಕಾದೆ.

"ಗೊತ್ತದ" ಎಂದ ಅಣ್ಣ.

"ಏನು?"

"ಅವತ್ತೇ ಗೊತ್ತಾಗ್ಯಾದ. ಕಿಟಕಿಯಿಂದ ಬೋರಿಂಗ್ ತನಕ ಹೊಸಾ ಮಣ್ಣು, ಅದರ ಮ್ಯಾಲ ಕಸಾ. ನಾನೇನು ಕುರುಡ ಇದ್ನೇನು?"

"ಮತ್ತ ಯಾಕ ಸುಮ್ಮನಿದ್ದಿ ಅಣ್ಣಾ?"

"ಆಕಿ ತವರಮನಿಯವರು ಕೇಸ್ ಹಾಕಿದ್ರ ನೀನು ಒಳಗ ಹೋಗ್ತಿದ್ದಿ. ಅವ್ವ ಉಳೀತಿದ್ದಳೇನು? ಒಂದ್ ನಾಕ್ ತಿಂಗಳು ಹೋಗ್ಲಿ, ಅವ್ವನ ಸಿಟ್ಟು ಇಳದ ಮ್ಯಾಲ ಕರ್ಕೊಂಡು ಬಂದ್ರಾತು ಅಂದ್ಕೊಂಡೆ. ಇಳೀಲೇ ಇಲ್ಲ." ಬೆರಳು ತೋರಿಸಿ ಹೇಳಿದ, "ಈಗ ಆಕಿ ಬರಾಕತ್ತಾಳ. ನೀನು ಬಾಯಿ ಮುಚ್ಕೊಂಡು ಇರು. ಅಷ್ಟ ಸಾಕು."

ಇರಲಾಗಲಿಲ್ಲ. ದೀಪಾವಳಿಗೆ ಎಂಟು ದಿನ ಇರುವಾಗ ಯಾದಗಿರಿಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ, ಅಲ್ಲಿಂದ ಗುರುಮಠಕಲ್ ಬಸ್ಸು ಹಿಡಿದೆ. ಆಕೆಗೆ ನ್ಯಾಯ ಕೊಡಿಸಲು ಹೊರಟಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನನ್ನ ಹೊಟ್ಟೆಯ ಕೆಂಡವನ್ನು ಆಕೆಯ ಉಡಿಗೆ ಹಾಕಲು ಹೊರಟಿದ್ದೆ, ಅಷ್ಟೇ.

ವೈನಿ ಪಡಸಾಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಎದ್ದು, ನೀರು ಕೊಟ್ಟು, ಚಹಾ ಮಾಡಿದಳು. ಒಳಗೆ ಆಕೆಯ ತಾಯಿ ಯಾರೊಂದಿಗೋ ತೆಲುಗಿನಲ್ಲಿ ಮಾತಾಡುತ್ತಿದ್ದರು. ನಾನು ತಲೆ ತಗ್ಗಿಸಿ, ತಂತಿಯಿಂದ ಹಿಡಿದು ಜಾಲಿ ಕಂಟಿಯವರೆಗೆ ಒಂದೂ ಬಿಡದೆ ಹೇಳಿದೆ.

"ನನಗ ಕರೆಂಟ್ ಹೊಡೆದದ್ದು ನನಗ ಗೊತ್ತಿಲ್ಲೇನ್ರಿ?" ಎಂದಳು ಕೊನೆಗೆ. "ನೀವೇ ಏನರ ಮಾಡಿರಬೇಕು ಅಂತ ಅನಿಸಿತ್ತು. ಹುಡುಗ ಬುದ್ಧಿ, ಅಂಜಿಕ್ಯಾಗ ಇಲ್ಲ ಅಂದಾರ ಅಂತ ಬಿಟ್ಟೆ. ಅತ್ತಿಗೂ ನಾ ಏನೂ ಅನ್ನಂಗಿಲ್ಲ. ಅವರಿಗೆ ಅಷ್ಟೇ ತಿಳೀತಿತ್ತು." ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆಯನ್ನು ಸುಮ್ಮನೆ ಮಡಚಿದಳು. "ನಿಮ್ಮಣ್ಣ ಪಾಪ, ತಾಯಿ ಮಾತು ನಂಬಿದ್ರು. ಖರೇ ತಿಳದಿದ್ರ ಆ ಮನುಷ್ಯ ನನ್ನ ಹಂಗ ಕೈಬಿಡ್ತಿದ್ದಿಲ್ಲ. ಇಷ್ಟ ವರ್ಷ ಅದೊಂದೇ ಮಾತಿನ ಮ್ಯಾಲ ಕುಂತೀನ್ರಿ ನಾ."

ನಾನು ಚಹಾದ ಕಪ್ಪು ಕೆಳಗಿಟ್ಟು ಬೇರೆ ಕಡೆ ನೋಡಿದೆ. ಆಕೆ ತಲೆ ಎತ್ತಿ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು.

"ಅವರಿಗೆ ಗೊತ್ತಿದ್ದಿಲ್ಲಲ್ಲ?"

ಬಸ್ಸಿನಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಕಟ್ಟಿಕೊಂಡಿದ್ದೆ. ಇದೊಂದನ್ನು ಕೇಳುತ್ತಾಳೆಂದು ಹೊಳೆದಿರಲಿಲ್ಲ. ಈ ಸಲ ಸುಳ್ಳು ಹೇಳಬಾರದು ಎಂಬ ಆಣೆ ಮಾತ್ರ ತಲೆಯಲ್ಲಿತ್ತು. "ಗೊತ್ತಿತ್ತು" ಎಂದೆ.

ವೈನಿ ಎದ್ದು ಒಳಗೆ ಹೋಗಿ, ಊರಿಗೆ ಬರಲೆಂದು ಕಟ್ಟಿಟ್ಟಿದ್ದ ಚೀಲ ತಂದು, ನನ್ನ ಎದುರಿಗೇ ಬಿಚ್ಚಿದಳು. ಅಣ್ಣ ಹಬ್ಬಕ್ಕೊಂದರಂತೆ ತಂದ ಸೀರೆಗಳನ್ನು ತೆಗೆದು ನನ್ನ ಮುಂದೆ ಒಂದರ ಮೇಲೊಂದು ಇಟ್ಟಳು. ಕೆಲವಕ್ಕೆ ಇನ್ನೂ ಅಂಗಡಿಯ ಮಡಿಕೆ ಹಾಗೇ ಇತ್ತು. "ಇವನ್ನ ಅವರಿಗೆ ಕೊಡ್ರಿ. ಇನ್ನ ಬರಬ್ಯಾಡ್ರಿ ಅಂತ ಹೇಳ್ರಿ" ಎಂದಳು.

ಶಹಾಪುರ ಮುಟ್ಟಿದಾಗ ಅಣ್ಣ ಅಂಗಳದಲ್ಲಿ ಸುಣ್ಣ ಕಲಸಿ ಗೋಡೆಗೆ ಹಚ್ಚುತ್ತಿದ್ದ. ನನ್ನ ಕೈಯಲ್ಲಿದ್ದ ಸೀರೆಗಳ ಗಂಟು ನೋಡಿದವನೇ ಕುಂಚ ಕೆಳಗಿಟ್ಟ.

"ಆಕಿ ಏನ್ ಕೇಳಿದಳು?"

ಹೇಳಿದೆ.

"ನೀ ಏನಂದಿ?"

ಅದನ್ನೂ ಹೇಳಿದೆ. ಅಣ್ಣ ಸುಣ್ಣ ಮೆತ್ತಿದ ಕೈಯಿಂದಲೇ ಗಂಟನ್ನು ತೆಗೆದುಕೊಂಡ. ಅವನ ದನಿ ಕೇಳಿಸುವುದೇ ಕಷ್ಟವಾಯಿತು.

"ಅವತ್ತ ನಾ ಇಲ್ಲೇ ನಿಂತು ಕೇಳಿದಾಗ ಕಣ್ಣು ಪಿಳುಕಿಸದ ಸುಳ್ಳ ಹೇಳಿದೆಲ್ಲೋ. ಇವತ್ತೊಂದು ಸುಳ್ಳ ಹೇಳಾಕ ಬರಲಿಲ್ಲೇನು ನಿನಗ?"